ಉಜ್ಜಿದ ಅಕ್ಷರದ ಬಗ್ಗೆ ಎರಡು ಮಾತು

ಈ ಸಭೆಯ ಅಧ್ಯಕ್ಷರೂ ನಮ್ಮ ಕಂಪನಿಯ ಯಜಮಾನರೂ ಆದ ದೊಡ್ಡ ಸಾಹೇಬರೇ, ಅವರ ಬಲಗಡೆ ಕುಳಿತಿರುವ ಸುರಕ್ಷತಾ ಅಧಿಕಾರಿಗಳೇ, ಎಡಗಡೆ ಕುಳಿತಿರುವ ಆಫೀಸಿನ ಮೇಡಂ ಅವರೇ, ಹೊಸ ಅಕ್ಷರ ಮಾಡಿ ಇವತ್ತು ಸನ್ಮಾನ ಪಡೆಯುತ್ತಿರುವ ಅಕ್ಷರದ ತಮ್ಮನವರೇ, ಕುರ್ಚಿ ಸಿಕ್ಕಿ ಕುಳಿತವರೇ, ಸಿಗದೆ ಗೋಡೆಗೆ ಒರಗಿ ನಿಂತವರೇ, ಎಲ್ಲ ಸಭಿಕರೇ,

ಇವತ್ತು ನನ್ನ ಉಪವಾಸ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ನೀರು ತುಂಬಿ, ದೇವರ ಮುಂದೆ ದೀಪ ಹಚ್ಚಿ, ಸೊಸೆಯ ಕಣ್ಣಿಗೆ ಔಷಧಿ ಬಿಟ್ಟು, ಮೊಮ್ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿ ಬಂದಿದ್ದೇನೆ. ಉಪವಾಸದ ದಿನ ನಾನು ಸುಳ್ಳು ಹೇಳುವುದಿಲ್ಲ. ಹಾಗೆಂದು ಬೇರೆ ದಿನ ಹೇಳುತ್ತೇನೆ ಅಂತಲ್ಲ. ಬೇರೆ ದಿನ ಸುಮ್ಮನಿದ್ದುಬಿಡುತ್ತೇನೆ, ಅಷ್ಟೇ.

ನಾನು ಯಾರು ಎಂದು ಮುಂದಿನ ಸಾಲಿನ ಅತಿಥಿಗಳಿಗೆ ಗೊತ್ತಿರಲಿಕ್ಕಿಲ್ಲ. ಈ ಕಂಪನಿಯಲ್ಲಿ ಡ್ರಮ್ಮುಗಳ ಮೇಲೆ ಅಕ್ಷರ ಹೊಡೆಯುವವಳು ನಾನು. ತೆಳು ತಗಡಿನಲ್ಲಿ ಅಕ್ಷರಗಳನ್ನು ಕತ್ತರಿಸಿ ತೂತು ಮಾಡುತ್ತೇನೆ. ಆ ತಗಡನ್ನು ಡ್ರಮ್ಮಿಗೆ ಒತ್ತಿ ಹಿಡಿದು ಮೇಲೆ ಕುಂಚದಿಂದ ಕರಿ ಬಣ್ಣ ಕುಟ್ಟುತ್ತೇನೆ. ತಗಡು ಎತ್ತಿದರೆ ಅಕ್ಷರ ನಿಂತಿರುತ್ತದೆ. ಹಳ್ಳಿ ಶಾಲೆಯಲ್ಲಿ ನಮ್ಮ ಮೇಷ್ಟ್ರು, "ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ" ಎಂದು ಕಿವಿ ಹಿಂಡುತ್ತಿದ್ದರು. ಅದೇ ಹುಡುಗಿ ಮುಂದೆ ಅಕ್ಷರದಿಂದಲೇ ಅನ್ನ ತಿನ್ನುತ್ತಾಳೆ ಎಂದು ತಿಳಿದಿದ್ದರೆ, ಅವರು ಇನ್ನೊಂದು ಕಿವಿಯನ್ನೂ ಹಿಂಡುತ್ತಿದ್ದರೋ ಏನೋ.

ಅಂಥವಳನ್ನು ಈ ವೇದಿಕೆಗೆ ಯಾಕೆ ಕರೆದರು? ಇದು ನನಗೆ ಬಂದ ಮೊದಲ ಅನುಮಾನ. ಮೇಡಂ ಅವರೇ, ಬೇಸರ ಮಾಡಿಕೊಳ್ಳಬೇಡಿ. ನೀವು ಈ ಕಂಪನಿಗೆ ಬಂದ ಮೇಲೆ ನಮ್ಮ ಬಣ್ಣದ ಶೆಡ್ಡಿನ ಕಡೆ ಒಮ್ಮೆಯೂ ತಲೆ ಹಾಕಿರಲಿಲ್ಲ. ಬಣ್ಣದ ವಾಸನೆಗೆ ನಿಮಗೆ ತಲೆನೋವು ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಅಂಥ ನೀವು ಮೊನ್ನೆ ಸ್ವಂತ ಕೈಯಲ್ಲೇ ಟೀ ಹಿಡಿದುಕೊಂಡು ಬಂದಿರಿ. "ಅಮ್ಮಾ, ಹೊಸ ಅಕ್ಷರದ ಬಗ್ಗೆ ಎರಡು ಒಳ್ಳೆಯ ಮಾತು ಆಡಿ. ನೀವೇ ಹಿರಿಯರಲ್ಲವೇ?" ಎಂದಿರಿ. ಆಡಬೇಕಾದ ಮಾತನ್ನು ಟೈಪ್ ಮಾಡಿಸಿಯೂ ಕೊಟ್ಟಿರಿ. ಟೀ ಚೆನ್ನಾಗಿತ್ತು. ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು. ಸಕ್ಕರೆ ಹೆಚ್ಚಾದ ಟೀ ಕೊಟ್ಟರೆ ನನಗೆ ಅನುಮಾನ ಬರುತ್ತದೆ.

ನಾನು ಹುಟ್ಟಿದ್ದೇ ಅನುಮಾನದ ನಕ್ಷತ್ರದಲ್ಲಿ ಎಂದು ನಮ್ಮವರು ಹೇಳುತ್ತಿದ್ದರು. ತಕ್ಕಡಿ ನೋಡಿದರೆ ಅನುಮಾನ, ಹಾಲು ನೋಡಿದರೆ ಅನುಮಾನ, ಯಾರಾದರೂ ಸುಮ್ಮಸುಮ್ಮನೆ ಹೊಗಳಿದರಂತೂ ಅನುಮಾನವೋ ಅನುಮಾನ. ದೇವರೊಬ್ಬನ ಮೇಲೆ ನನಗೆ ಅನುಮಾನವಿಲ್ಲ. ಅವನ ಪರವಾಗಿ ಮಾತಾಡುತ್ತೇವೆ ಎನ್ನುವವರ ಮೇಲೆ ಇದೆ.

ಇರಲಿ. ವಿಷಯಕ್ಕೆ ಬರುತ್ತೇನೆ. ವಿಷಯ ಅಕ್ಷರ.

ನಮ್ಮ ತಗಡಿನ ಅಕ್ಷರ ಬೇರೆ ಅಕ್ಷರದ ಹಾಗಲ್ಲ. ಒಂದು ಸೊನ್ನೆಯನ್ನೇ ತೆಗೆದುಕೊಳ್ಳಿ. ತಗಡಿನಲ್ಲಿ ಸೊನ್ನೆಯನ್ನು ಸುತ್ತಲೂ ಕತ್ತರಿಸಿದರೆ ಏನಾಗುತ್ತದೆ? ಒಳಗಿನ ಬಿಲ್ಲೆ ಟಣ್ ಎಂದು ನೆಲಕ್ಕೆ ಬೀಳುತ್ತದೆ. ಆಮೇಲೆ ಬಣ್ಣ ಹೊಡೆದರೆ ಸೊನ್ನೆ ಬರುವುದಿಲ್ಲ, ದೊಡ್ಡ ಕರಿ ಮಚ್ಚೆ ಬರುತ್ತದೆ. ಅದಕ್ಕೇ ಒಳಗಿನದನ್ನು ಹೊರಗಿನದಕ್ಕೆ ಹಿಡಿದಿಡಲು ನಡುವೆ ಸಣ್ಣ ಕೊಂಡಿ ಉಳಿಸಬೇಕು. ಕೊಂಡಿ ಇದ್ದ ಕಡೆ ಬಣ್ಣ ಬೀಳುವುದಿಲ್ಲ. ಆದ್ದರಿಂದ ನಮ್ಮ ಅಕ್ಷರ ಅಲ್ಲಲ್ಲಿ ತುಂಡಾದ ಹಾಗೆ ಕಾಣುತ್ತದೆ. ಕನ್ನಡದ ಅಕ್ಷರವೋ, ಮೈಯೆಲ್ಲಾ ದುಂಡು, ಹೊಟ್ಟೆಯೆಲ್ಲಾ ಸುರುಳಿ. ಎಷ್ಟು ಕೊಂಡಿ ಬಿಡಬೇಕು, ಎಲ್ಲಿ ಬಿಡಬೇಕು ಎನ್ನುವುದೇ ಈ ಕೆಲಸ. ನನಗೆ ಅದನ್ನು ಕಲಿಸಿದವರು ನಮ್ಮ ಮಾವ. ಅವರಿಗೆ ಓದಲು ಬರುತ್ತಿರಲಿಲ್ಲ. "ಇದು ಏನಕ್ಷರ ಮಾವಾ?" ಎಂದರೆ, "ಅದು ಕುರ್ಚಿಯ ಮೇಲೆ ಕೂತ ಮುದುಕಿ, ಪಕ್ಕದ್ದು ಬಾಲ ಎತ್ತಿದ ಬೆಕ್ಕು. ನೀನು ಕತ್ತರಿಸು" ಎನ್ನುತ್ತಿದ್ದರು. ಈಗಲೂ ಕೆಲವು ಅಕ್ಷರ ಹೊಡೆಯುವಾಗ ನನಗೆ ಮೊದಲು ಬೆಕ್ಕು ನೆನಪಾಗುತ್ತದೆ, ಆಮೇಲೆ ಅಕ್ಷರ.

ಇನ್ನು ಅಕ್ಷರದ ತಮ್ಮನವರ ವಿಷಯ. ತಮ್ಮಾ ಎನ್ನುತ್ತೇನೆ, ನೀವು ನನ್ನ ಕಿರಿಯ ತಮ್ಮನಿಗಿಂತಲೂ ಚಿಕ್ಕವರು. ಹೋದ ವರ್ಷ ನೀವು ಕ್ಯಾಮೆರಾ ನೇತುಹಾಕಿಕೊಂಡು ನಮ್ಮ ಗೋದಾಮಿಗೆ ಬಂದಿರಿ. ಸ್ವಂತ ಮನೆಗೆ ಬಂದವರ ಹಾಗೆ ನೆಲದ ಮೇಲೆ ಕೂತಿರಿ, ಪ್ಯಾಂಟಿಗೆ ಬಣ್ಣ ಮೆತ್ತಿಸಿಕೊಂಡಿರಿ. ಆಗಲೂ ನನಗೆ ಅನುಮಾನ ಬಂತು: ಓದಿದ ಹುಡುಗ, ನೆಲದ ಮೇಲೆ ಯಾಕೆ ಕೂರುತ್ತಾನೆ? ಆಮೇಲೆ ತಿಳಿಯಿತು, ಡ್ರಮ್ಮಿನ ಅಡಿಯ ಅಕ್ಷರ ಕಾಣಬೇಕಾದರೆ ನೆಲದ ಮೇಲೇ ಕೂರಬೇಕು. ಅಷ್ಟು ಪ್ರೀತಿಯಿಂದ ನಮ್ಮ ಅಕ್ಷರವನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಉಪವಾಸದ ದಿನ ಇದನ್ನು ಹೇಳಲೇಬೇಕು.

ನೀವು ಒಂದು ಡ್ರಮ್ಮಿನ ಮುಂದೆ ನಿಂತು ಕೇಳಿದಿರಿ: "ಅಮ್ಮಾ, ಈ ಅಕ್ಷರಕ್ಕೆ ಎಷ್ಟು ವಯಸ್ಸು?"

"ನಿನ್ನೆ ಹೊಡೆದದ್ದಪ್ಪಾ," ಎಂದೆ.

ನಿಮ್ಮ ಮುಖ ಸಣ್ಣಗಾಯಿತು. ಅಷ್ಟರಲ್ಲಿ ನಿಮ್ಮ ಕಣ್ಣು ತೊಳೆಯುವ ಅಂಗಳದ ಕಡೆ ಹೋಯಿತು. ಅಲ್ಲಿ ಸಾಲಾಗಿ ನಿಂತ ಡ್ರಮ್ಮುಗಳ ಮೇಲಿನ ಅಕ್ಷರಗಳು ಗೀಚಿಕೊಂಡು, ಸಿಪ್ಪೆ ಎದ್ದು, ಚುಕ್ಕೆ ಚುಕ್ಕೆಯಾಗಿ ಮಾಸಿ ನಿಂತಿದ್ದವು. ನೀವು ಓಡಿ ಹೋದಿರಿ. "ಆಹಾ, ಇವು! ಇವಲ್ಲವೇ ಅಕ್ಷರ!" ಎಂದಿರಿ.

"ಅವು ಸತ್ತವು ತಮ್ಮಾ," ಎಂದೆ ನಾನು.

ನೀವು ಜೋರಾಗಿ ನಕ್ಕು, "ಸತ್ತವೇ ಎಷ್ಟು ಜೀವಂತವಾಗಿವೆ ನೋಡಿ ಅಮ್ಮಾ!" ಎಂದಿರಿ. ಒಂದೇ ಸಮನೆ ಫೋಟೋ ಹೊಡೆದಿರಿ.

ನಾನೂ ನಕ್ಕೆ. ಹುಡುಗ ಒಳ್ಳೆಯ ಮಾತುಗಾರ ಎಂದುಕೊಂಡೆ. ನನ್ನದು ಕೆಲಸದ ಮಾತು, ನೀವು ಅದನ್ನು ಕವಿತೆಯ ಮಾತು ಎಂದುಕೊಂಡಿರಿ. ಇಬ್ಬರೂ ನಗುನಗುತ್ತಾ ಊಟಕ್ಕೆ ಹೋದೆವು.

ಆ ಫೋಟೋಗಳಿಂದ ನೀವು ಕಂಪ್ಯೂಟರಿನಲ್ಲಿ ಅಕ್ಷರಮಾಲೆ ಮಾಡಿದಿರಿ. ಅದಕ್ಕೆ ‘ಹಳೆಗೋದಾಮು’ ಎಂದು ಹೆಸರಿಟ್ಟಿರಿ. ಬಹುಮಾನ ಬಂತು, ದೇವರು ಒಳ್ಳೆಯದು ಮಾಡಲಿ. ಈಗ ಎಲ್ಲಿ ನೋಡಿದರೂ ಅದೇ ಅಕ್ಷರ. ಬಸ್ ನಿಲ್ದಾಣದ ಎದುರಿನ ಕಾಫಿ ಅಂಗಡಿಯ ಬೋರ್ಡು ಅದರಲ್ಲೇ. ಸಾಬೂನಿನ ಡಬ್ಬ ಅದರಲ್ಲೇ. ಪೇಟೆಯ ಹುಡುಗರ ಎದೆಯ ಮೇಲೆ ಅದೇ. ಸಿನಿಮಾ ಪೋಸ್ಟರಿನಲ್ಲಿ ಹೊಡೆದಾಟ ಇದೆ ಎಂದು ತಿಳಿಸಲು ಅದೇ. ನಮ್ಮ ಪಕ್ಕದ ಮನೆಯವರು ಮಗಳ ಮದುವೆ ಕಾಗದವನ್ನೂ ಅದರಲ್ಲೇ ಅಚ್ಚು ಹಾಕಿಸಿದರು. ಅದನ್ನು ನೋಡಿದರೆ ನನಗೆ, ‘ಜೋಪಾನವಾಗಿ ಇಳಿಸಿ, ಬಿಸಿಲಿಗೆ ಇಡಬೇಡಿ’ ಎಂದು ವಧುವಿನ ಹೆಸರಿನ ಕೆಳಗೆ ಬರೆಯಬೇಕು ಅನಿಸಿತು. ಬರೆದಿದ್ದರೆ ತಪ್ಪೇನಿರಲಿಲ್ಲ, ಆ ಹುಡುಗಿ ಅಷ್ಟು ಸೂಕ್ಷ್ಮ.

ನೋಡಲು ಚೆನ್ನಾಗಿದೆ. ಇಲ್ಲ ಎನ್ನುವುದಿಲ್ಲ. ದಪ್ಪಗೆ, ಗಟ್ಟಿಯಾಗಿ, ದೂರದಿಂದಲೇ ಕರೆಯುತ್ತದೆ. ಮೈತುಂಬಾ ಗೀರು, ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ಚೂರು, ನಡುವೆ ಉಪ್ಪು ಎರಚಿದ ಹಾಗೆ ಬಿಳಿ ಚುಕ್ಕೆ. ಆದರೆ ನನ್ನದು ಪಾಪಿಷ್ಠ ಕಣ್ಣು. ಕಾಫಿ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಾ ಆ ಬೋರ್ಡು ನೋಡುತ್ತಿದ್ದೆ. ಅದರಲ್ಲಿ ‘ರ’ ಅಕ್ಷರ ಬಂದ ಕಡೆಯಲ್ಲೆಲ್ಲಾ ಗಾಯ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ. ಒಂದು ಮನೆಯ ಮಕ್ಕಳೆಲ್ಲ ಒಂದೇ ಮೊಣಕಾಲಿಗೆ ಒಂದೇ ಥರ ಪೆಟ್ಟು ಮಾಡಿಕೊಂಡು ಬಂದರೆ ತಾಯಿಗೆ ಅನುಮಾನ ಬರುವುದಿಲ್ಲವೇ? ನಾವು ಒಂದೇ ತಗಡಿನಿಂದ ಹೊಡೆದರೂ ಒಂದು ಅಕ್ಷರ ಇನ್ನೊಂದರ ಹಾಗೆ ಇರುವುದಿಲ್ಲ. ಬೆಳಗಿನ ಕೈ ಬೇರೆ, ಸಂಜೆಯ ಕೈ ಬೇರೆ. ಇಲ್ಲಿ ಗಾಯಕ್ಕೂ ಅಚ್ಚು ಹಾಕಿದ್ದಾರೆ. ಹಾಕಲಿ. ಅಂಗಿಯ ಮೇಲೆ ಗಾಯ ಇದ್ದರೆ ಯಾರಿಗೆ ನೋವು? ಕಾಫಿ ಹಳೆಯದಲ್ಲದಿದ್ದರೆ ಸಾಕು.

ನನ್ನ ಮಾತು ಅಂಗಿಯದ್ದಲ್ಲ. ಡ್ರಮ್ಮಿನದ್ದು.

ಸಭಿಕರೇ, ನಮ್ಮ ಅಂಗಳದ ಡ್ರಮ್ಮಿನ ಅಕ್ಷರ ಮಾಸುವುದು ಬಿಸಿಲು ಮಳೆಯಿಂದಲ್ಲ. ನಾವೇ ಮಾಸಿಸುತ್ತೇವೆ. ಒಂದು ಡ್ರಮ್ಮು ತುಂಬಿ ಹೋಗುತ್ತದೆ, ಖಾಲಿಯಾಗಿ ವಾಪಸ್ ಬರುತ್ತದೆ. ಬಂದ ಕೂಡಲೇ ಬಾಗಿಲಲ್ಲಿ ಅದರ ಅಕ್ಷರದ ಮೇಲೆ ತಂತಿ ಬ್ರಷ್ಷಿನಿಂದ ಅಡ್ಡಡ್ಡ ಉಜ್ಜುತ್ತೇವೆ. ಪೂರ್ತಿ ಅಳಿಸುವುದಿಲ್ಲ. ಯಾಕೆ? ಪೂರ್ತಿ ಅಳಿಸಿದರೆ ಒಳಗೆ ಮೊದಲು ಏನಿತ್ತು ಎಂದು ತೊಳೆಯುವವರಿಗೆ ತಿಳಿಯುವುದಿಲ್ಲ. ಎಣ್ಣೆ ಇದ್ದದ್ದನ್ನು ತೊಳೆಯುವ ರೀತಿ ಬೇರೆ, ಸುಡುವ ದ್ರವ ಇದ್ದದ್ದನ್ನು ತೊಳೆಯುವ ರೀತಿ ಬೇರೆ. ಉಜ್ಜದೇ ಬಿಟ್ಟರೆ ಒಳಗೆ ಈಗಲೂ ಇದೆ ಎಂದು ಅರ್ಥ. ಅರ್ಧ ಉಜ್ಜಿದರೆ? ‘ಇತ್ತು, ಈಗಿಲ್ಲ. ಬಿರಡೆ ತೆಗೆ, ತೊಳೆ’ ಎಂದು ಅರ್ಥ. ಅದನ್ನೇ ನಾವು ಸತ್ತ ಅಕ್ಷರ ಎನ್ನುವುದು. ಮಾವನ ಕಾಲದಿಂದ ಹೀಗೇ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ನಮ್ಮ ಅಂಗಳಕ್ಕೆ ಬಂದವರು ಮೊದಲ ದಿನವೇ ಕಲಿಯುತ್ತಾರೆ, ಆಮೇಲೆ ಕಲಿತದ್ದೇ ಮರೆತುಹೋಗುತ್ತದೆ, ಕೈ ತಾನಾಗಿ ಹೋಗುತ್ತದೆ.

ನಮ್ಮ ಸೊಸೆ ಕೆಲಸ ಮಾಡುತ್ತಿದ್ದದ್ದು ಆ ತೊಳೆಯುವ ಅಂಗಳದಲ್ಲೇ.

ಅವಳ ಬಗ್ಗೆ ಒಂದು ಮಾತು ಹೇಳಬೇಕು, ವಿಷಯಾಂತರ ಎಂದುಕೊಳ್ಳಬೇಡಿ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅವಳ ಮೇಲೂ ಅನುಮಾನ. ಯಾಕೆಂದರೆ ಅವಳು ಸದಾ ಏನೋ ಓದುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ನಾನು ಹತ್ತಿರ ಹೋದರೆ ಕಾಗದ ಮಡಚುತ್ತಿದ್ದಳು. ಯಾರ ಕಾಗದವೋ ಏನೋ ಎಂದು ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ಮಗ ಲಾರಿ ಮೇಲೆ ಹೋದವನು, ವಾರಗಟ್ಟಲೆ ಬರುವವನಲ್ಲ. ಒಂದು ದಿನ ತಡೆಯಲಾರದೆ ಕೈಯಿಂದ ಕಿತ್ತುಕೊಂಡೆ. ಏನಿತ್ತು ಗೊತ್ತೇ? ಕೆಮ್ಮಿನ ಔಷಧದ ಡಬ್ಬದೊಳಗಿನ ಚೀಟಿ. ‘ಮಕ್ಕಳ ಕೈಗೆ ಸಿಗದ ಹಾಗೆ ಇಡಿ’ ಎನ್ನುವಲ್ಲಿಗೆ ಬಂದಿದ್ದಳು.

"ಇದನ್ನು ಯಾಕೆ ಓದುತ್ತೀಯೇ? ಮನೆಯಲ್ಲಿ ಮಗುವೇ ಇಲ್ಲವಲ್ಲ!" ಎಂದೆ.

"ಬಂದ ಮೇಲೆ ಓದಲು ಹೊತ್ತು ಸಿಗುತ್ತದೆಯೋ ಇಲ್ಲವೋ ಅತ್ತೇ," ಎಂದಳು.

ಚೀಟಿಯನ್ನು ಮಡಚಿ ಅವಳ ಕೈಗೇ ಕೊಟ್ಟೆ. ಅವತ್ತಿನಿಂದ ಅವಳ ಮೇಲೆ ಅನುಮಾನ ಬಿಟ್ಟೆ. ಬಿಡುವುದು ನನಗೆ ಸುಲಭವಲ್ಲ, ಕೇಳಿದರೆ ನಮ್ಮ ಕೇರಿಯವರು ಹೇಳುತ್ತಾರೆ. ಬೆಂಕಿಪೊಟ್ಟಣದ ಹಿಂದೆ ಬರೆದದ್ದನ್ನೂ ಓದದೆ ಕಡ್ಡಿ ಗೀಚದವಳು ಅವಳು. ಬಸ್ಸಿನಲ್ಲಿ ‘ಕೈ ಹೊರಗೆ ಹಾಕಬೇಡಿ’ ಎಂದು ಬರೆದಿದ್ದರೆ, ಕಿಟಕಿಯಿಂದ ದೂರದ ಸೀಟಿನಲ್ಲಿ ಕೂತಾಗಲೂ ಕೈ ಮಡಿಲಲ್ಲಿಟ್ಟುಕೊಂಡು ಕೂರುವವಳು.

ಹೋದ ತಿಂಗಳು ಹೊಸ ಡ್ರಮ್ಮುಗಳು ಬಂದವು. ದೊಡ್ಡ ಸಾಹೇಬರು ಹೊಸ ಅಕ್ಷರವನ್ನು ಮೆಚ್ಚಿ, ಇನ್ನು ಮೇಲೆ ನಮ್ಮ ಕಂಪನಿಯ ಗುರುತೇ ಅದಾಗಲಿ ಎಂದು ತೀರ್ಮಾನಿಸಿದ್ದರು. ಎಲ್ಲಾ ಡ್ರಮ್ಮಿನ ಮೇಲೂ ಅದರಲ್ಲೇ ಅಚ್ಚು ಹಾಕಿಸಿ, ದ್ರವ ತುಂಬಿಸಿಯೇ ತರಿಸಿದ್ದರು. ಹೆಸರಷ್ಟೇ ಅಲ್ಲ, ಎಚ್ಚರಿಕೆಯೂ ಅದರಲ್ಲೇ. ‘ಸುಡುವ ದ್ರವ. ತೆರೆಯಬೇಡಿ.’ ಗೀರು, ಸಿಪ್ಪೆ, ಚುಕ್ಕೆ ಎಲ್ಲಾ ಸಮೇತ. ತಂತಿ ಬ್ರಷ್ಷಿನಿಂದ ಅಡ್ಡಡ್ಡ ಉಜ್ಜಿದ ಹಾಗೇ.

ಈಗ ನಿಮಗೆ ಅರ್ಥವಾಗುತ್ತಿರಬೇಕು. ತಮ್ಮಾ, ನಿಮ್ಮ ಮುಖ ನೋಡಿದರೆ ಇದನ್ನು ನಿಮಗೆ ಯಾರೂ ಹೇಳಿಲ್ಲ ಎಂದು ಕಾಣುತ್ತದೆ. ನೀರು ಕುಡಿಯಿರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಅಕ್ಷರವನ್ನು ನೀವು ಮಾಡಿದ್ದು ಅಂಗಿಗೆ, ಡ್ರಮ್ಮಿಗಲ್ಲ ಎಂದು ನನಗೆ ಗೊತ್ತು.

ಆ ಡ್ರಮ್ಮುಗಳು ಲಾರಿಯಿಂದ ಇಳಿದವು. ಇಳಿಸಿದವರು ಲಿಫ್ಟ್ ಗಾಡಿ ಓಡಿಸುವ ನಮ್ಮ ಆಮೆಯಣ್ಣ. ಗಾಡಿಯನ್ನು ಅಷ್ಟು ನಿಧಾನ ಓಡಿಸುತ್ತಾರೆಂದು ಆ ಹೆಸರು. ಅವರು ತುಂಬಿದ ಡ್ರಮ್ಮನ್ನು ಒಂದು ಸಲವೂ ಬೀಳಿಸಿದವರಲ್ಲ. ಅವರು ಅಕ್ಷರ ನೋಡಿದರು. ಉಜ್ಜಿದೆ. ಉಜ್ಜಿದ್ದು ಎಲ್ಲಿಗೆ ಹೋಗಬೇಕು? ತೊಳೆಯುವ ಅಂಗಳಕ್ಕೆ. ಗಾಡಿಯ ಉಕ್ಕಿನ ತೋಳಿಗೆ ತುಂಬಿದ್ದು ಯಾವುದು, ಖಾಲಿ ಯಾವುದು ಎಂದು ಭಾರದಿಂದ ತಿಳಿಯುವುದಿಲ್ಲ. ತಂದು ನಮ್ಮ ಸೊಸೆಯ ಮುಂದೆ ಸಾಲಾಗಿ ನಿಲ್ಲಿಸಿ ಹೋದರು.

ನಮ್ಮ ಸೊಸೆ ಬಂದಳು. ಓದಿದಳು. ಅವಳು ಓದದೇ ಇರುವವಳಲ್ಲ ಎಂದು ಆಗಲೇ ಹೇಳಿದೆನಲ್ಲ. ಸುಡುವ ದ್ರವ ಎಂದು ಓದಿದಳು. ಉಜ್ಜಿದೆ ಎಂದು ನೋಡಿದಳು. ಇತ್ತು, ಈಗಿಲ್ಲ, ಹಾಗಾದರೆ ತಣ್ಣೀರು ಹೆಚ್ಚು ಬೇಕು ಎಂದುಕೊಂಡು ಪೈಪು ಎಳೆದುಕೊಂಡಳು. ಬಿರಡೆ ತಿರುಗಿಸಿದಳು. ಬಿಸಿಲಿಗೆ ಒಳಗೆ ಒತ್ತಡ ಕಟ್ಟಿತ್ತು. ಚಿಮ್ಮಿತು.

ನಾನು ಶೆಡ್ಡಿನಲ್ಲಿ ಕುಂಚ ತೊಳೆಯುತ್ತಿದ್ದೆ. "ಅತ್ತೇ" ಎಂದು ಕೂಗಿದ್ದು ಕೇಳಿತು. ಆ ಕೂಗಿನ ಬಗ್ಗೆ ಈ ಸಭೆಯಲ್ಲಿ ಏನೂ ಹೇಳುವುದಿಲ್ಲ. ಅವಳ ಕೈಯಲ್ಲಿದ್ದ ಪೈಪನ್ನೇ ತಿರುಗಿಸಿ ಅವಳ ಮುಖಕ್ಕೆ ನೀರು ಬಿಟ್ಟೆವು, ಆಸ್ಪತ್ರೆಯ ಗಾಡಿ ಬರುವವರೆಗೆ ಬಿಡುತ್ತಲೇ ಇದ್ದೆವು. ಅದರಿಂದಲೇ ಒಂದು ಕಣ್ಣು ಉಳಿದೀತು ಎಂದು ವೈದ್ಯರು ಹೇಳುತ್ತಾರೆ. ಇನ್ನೊಂದರ ಬಗ್ಗೆ, "ನೋಡೋಣ ಅಮ್ಮಾ" ಎನ್ನುತ್ತಾರೆ. ವೈದ್ಯರು ನೋಡೋಣ ಎಂದರೆ ನನಗೆ ಅನುಮಾನ. ಆದರೆ ಅದನ್ನು ನಾನು ದೇವರಿಗೆ ಒಪ್ಪಿಸಿದ್ದೇನೆ, ಈ ವೇದಿಕೆಗೆ ತಂದಿಲ್ಲ.

ವೇದಿಕೆಗೆ ತಂದಿರುವುದು ಬೇರೆ. ಮೂವರ ವಿಚಾರಣಾ ಸಮಿತಿ ಕೂತಿತು. ಆ ಮೂವರೂ ಈಗ ನನ್ನ ಹಿಂದೆ ಕೂತಿದ್ದಾರೆ: ದೊಡ್ಡ ಸಾಹೇಬರು, ಸುರಕ್ಷತಾ ಅಧಿಕಾರಿಗಳು, ಮೇಡಂ. ಕಣ್ಣಿಗೆ ಬಟ್ಟೆ ಕಟ್ಟಿದ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ ಕೇಳಿದರು. ನಾನು ಪಕ್ಕದಲ್ಲಿ ಕೈ ಹಿಡಿದು ನಿಂತಿದ್ದೆ.

"ನಿನಗೆ ಓದಲು ಬರುತ್ತದೆಯೇ?"

"ಬರುತ್ತದೆ ಸಾರ್."

"ಡ್ರಮ್ಮಿನ ಮೇಲಿನ ಎಚ್ಚರಿಕೆ ಓದಿದೆಯಾ?"

"ಓದಿದೆ ಸಾರ್."

"ಏನೆಂದಿತ್ತು?"

"ಸುಡುವ ದ್ರವ, ತೆರೆಯಬೇಡಿ."

"ಆಮೇಲೆ ಏನು ಮಾಡಿದೆ?"

"ತೆರೆದೆ ಸಾರ್. ಅದು ಉಜ್ಜಿತ್ತು..."

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಮ್ಮ."

ಅಲ್ಲಿಗೆ ವಿಚಾರಣೆ ಮುಗಿಯಿತು. ಎಚ್ಚರಿಕೆಯನ್ನು ಓದಿಯೂ ಉದ್ಧಟತನದಿಂದ ತೆರೆದಳು, ರಕ್ಷಣೆಯ ಕನ್ನಡಕವನ್ನೂ ಹಾಕಿರಲಿಲ್ಲ, ಆದ್ದರಿಂದ ಕೆಲಸದಿಂದ ತೆಗೆಯಬೇಕು ಎಂದು ಮಾತಾಯಿತಂತೆ. ಸುರಕ್ಷತಾ ಅಧಿಕಾರಿಗಳೇ, ಖಾಲಿ ಡ್ರಮ್ಮು ತೊಳೆಯುವವರಿಗೆ ಕಂಪನಿ ಕನ್ನಡಕ ಕೊಟ್ಟಿದ್ದು ಯಾವಾಗ? ತುಂಬುವ ವಿಭಾಗದವರ ಮೂಗಿನ ಮೇಲೆ ಮಾತ್ರ ಅಲ್ಲವೇ ಅದು ಇರುವುದು? ಇರಲಿ, ಅದು ಬೇರೆ ಜಗಳ.

ಆಮೆಯಣ್ಣನನ್ನೂ ಕರೆದು ಕೇಳಿದರು. ಡ್ರಮ್ಮುಗಳನ್ನು ತೊಳೆಯುವ ಅಂಗಳಕ್ಕೆ ಯಾಕೆ ತಂದೆ ಎಂದು. ಅವರು, "ನೆನಪಿಲ್ಲ" ಎಂದರು. ಮೂವತ್ತು ವರ್ಷದ ಹಿಂದೆ ಯಾವ ಡ್ರಮ್ಮು ಯಾವ ಮೂಲೆಯಲ್ಲಿತ್ತು ಎಂದು ಹೇಳುವ ಮನುಷ್ಯ ಅವರು. ಹೋದ ತಿಂಗಳದ್ದು ನೆನಪಿಲ್ಲವಂತೆ. ನನಗೆ ಅನುಮಾನ ಬಂತು. ಸಭಿಕರೇ, ನೀವೇ ಹೇಳಿ, ಬರಬಾರದೇ?

ಸಮಿತಿಯ ತೀರ್ಮಾನಕ್ಕೆ ಇನ್ನೂ ರುಜು ಬಿದ್ದಿಲ್ಲ. ಈ ಸಭೆ ಮುಗಿದು ಊಟವಾದ ಮೇಲೆ, ಈ ಪರದೆಯ ಹಿಂದಿನ ಕೋಣೆಯಲ್ಲಿ ಮೂವರೂ ಕೂತು ರುಜು ಹಾಕುತ್ತಾರೆ ಎಂದು ಕೇಳಿದ್ದೇನೆ. ಕೋಣೆಯಲ್ಲಿ ಮೇಜು ಹಾಕಿ ಮೂರು ಕುರ್ಚಿ ಇಟ್ಟಿದ್ದನ್ನೂ ನಾನು ಬರುವಾಗ ಇಣುಕಿ ನೋಡಿದ್ದೇನೆ. ಹಾಗಾದರೆ ರುಜುವಿಗೆ ಮುಂಚೆ ನನ್ನಿಂದ ಈ ಭಾಷಣ ಯಾಕೆ? ಟೈಪ್ ಮಾಡಿದ ಆ ಕಾಗದದಲ್ಲಿ, ‘ಈ ಹೊಸ ಅಕ್ಷರವನ್ನು ನಮ್ಮ ಕಾರ್ಮಿಕರೆಲ್ಲರೂ ಸುಲಭವಾಗಿ ಓದಿ ಅರ್ಥ ಮಾಡಿಕೊಳ್ಳುತ್ತಾರೆ’ ಎಂಬ ಸಾಲು ಯಾಕಿದೆ? ಅದನ್ನು ನಾನು ಓದಿದ್ದರೆ ನಾಳೆ ಏನೆನ್ನುತ್ತಿದ್ದರು? ಅವಳ ಅತ್ತೆಯೇ ತುಂಬಿದ ಸಭೆಯಲ್ಲಿ ಹೇಳಿದ್ದಾಳೆ, ಇನ್ನೇನು ಬೇಕು ಎನ್ನುತ್ತಿರಲಿಲ್ಲವೇ? ಇಲ್ಲ ಎನ್ನುತ್ತೀರಾ ಮೇಡಂ? ನೀವು ಇಲ್ಲ ಎಂದರೆ ನಂಬುತ್ತೇನೆ. ಕೈಯಲ್ಲಿನ ಕಾಗದ ತಿರುವುತ್ತಿದ್ದೀರಿ. ಇರಲಿ.

ಆ ಸಾಲು ಪೂರ್ತಿ ಸುಳ್ಳೂ ಅಲ್ಲ. ನಮ್ಮವರು ಆ ಅಕ್ಷರವನ್ನು ಓದಿದರು, ಅರ್ಥವನ್ನೂ ಮಾಡಿಕೊಂಡರು. ನಮ್ಮ ಅಂಗಳದಲ್ಲಿ ಅದಕ್ಕೆ ಏನರ್ಥವೋ ಅದನ್ನೇ ಮಾಡಿಕೊಂಡರು.

ನಾನು ಕೇಳುವುದು ಒಂದೇ. ದೊಡ್ಡ ಸಾಹೇಬರೇ, ಆ ಕೋಣೆಯಲ್ಲಿ ಕೂತಾಗ ಒಂದು ಹೊಸ ಡ್ರಮ್ಮು, ಒಂದು ಉಜ್ಜಿದ ಡ್ರಮ್ಮು ಎರಡನ್ನೂ ಪಕ್ಕಪಕ್ಕ ತರಿಸಿಕೊಳ್ಳಿ. ನಮ್ಮ ಅಂಗಳದ ಯಾರನ್ನಾದರೂ ಕರೆಯಿರಿ. ನನ್ನನ್ನು ಬೇಡ, ನಾನು ಅತ್ತೆ. ಯಾವುದು ತುಂಬಿದ್ದು, ಯಾವುದು ಖಾಲಿ ಎಂದು ಅವರನ್ನು ಕೇಳಿ. ಅವರಿಗೆ ತಿಳಿಯದಿದ್ದರೆ ನಮ್ಮ ಹುಡುಗಿಗೂ ತಿಳಿಯುವಂತಿರಲಿಲ್ಲ. ಅವಳದ್ದು ಉದ್ಧಟತನ ಎನ್ನುವ ಮಾತನ್ನು ತೆಗೆಯಿರಿ. ಕೆಲಸ ಕೊಡುವುದು ಬಿಡುವುದು ನಿಮ್ಮ ಕೈಯಲ್ಲಿದೆ, ಕಣ್ಣು ಕೊಡುವುದು ಬಿಡುವುದು ದೇವರ ಕೈಯಲ್ಲಿದೆ. ಆದರೆ ಓದಿ ಓದಿಯೇ ಬದುಕಿದವಳನ್ನು, ಓದಿದ್ದನ್ನು ಲೆಕ್ಕಿಸದವಳು ಎಂದು ಮಾಡಬೇಡಿ.

ಈಗ ಅವಳು ಮನೆಯಲ್ಲಿ ಸುಮ್ಮನೆ ಕೂರಲಾರದೆ ನನ್ನ ತಗಡುಗಳನ್ನು ಕೇಳಿ ಮಡಿಲಲ್ಲಿಟ್ಟುಕೊಳ್ಳುತ್ತಾಳೆ. ತೂತಿನ ಅಂಚಿನ ಮೇಲೆ ಬೆರಳಾಡಿಸಿ ಅಕ್ಷರ ಹೇಳುತ್ತಾಳೆ. ಮೊಮ್ಮಗಳು ಎದುರಿಗೆ ಕೂತು ಸರಿಯೋ ತಪ್ಪೋ ನೋಡುತ್ತದೆ. ಮೊನ್ನೆ ಒಂದು ತಗಡು ಕೊಟ್ಟೆ. ಬೆರಳಾಡಿಸಿ, "ಅತ್ತೇ, ‘ತೆರೆಯಬೇಡಿ’" ಎಂದಳು. ಆಮೇಲೆ ಮತ್ತೊಮ್ಮೆ ಆಡಿಸಿ, "ಇದು ಉಜ್ಜಿದ್ದಲ್ಲ. ನನಗೆ ಗೊತ್ತಾಗುತ್ತದೆ" ಎಂದಳು. ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ದೇವರ ಮುಂದೆ ಕೂತೆ. ಏನೂ ಬೇಡಲಿಲ್ಲ.

ಇವತ್ತು ಹೊರಡುವಾಗ, "ಸಭೆಯಿಂದ ಏನು ತರಲೇ?" ಎಂದು ಕೇಳಿದೆ. "ಹೂವು ಗೀವು ಬೇಡ ಅತ್ತೇ. ನನ್ನನ್ನು ಏನೆಂದು ಬರೆದರು, ಅಷ್ಟು ಕೇಳಿಕೊಂಡು ಬನ್ನಿ" ಎಂದಳು.

ಅಕ್ಷರದ ತಮ್ಮನವರಿಗೆ ಇನ್ನೂ ಹೆಚ್ಚು ಬಹುಮಾನ ಬರಲಿ. ಅಂಗಿಗೆ, ಅಂಗಡಿಗೆ, ಸಿನಿಮಾಕ್ಕೆ, ಸೂಕ್ಷ್ಮ ಸ್ವಭಾವದ ಮದುಮಕ್ಕಳಿಗೆ ನಿಮ್ಮ ಅಕ್ಷರ ಚೆನ್ನಾಗಿ ಒಪ್ಪುತ್ತದೆ. ಎಚ್ಚರಿಕೆಗೆ ಮಾತ್ರ ಬೇಡ ತಮ್ಮಾ. ಎಚ್ಚರಿಕೆ ಈಗ ತಾನೇ ಹೇಳಿದ ಹಾಗೆ ಕಾಣಬೇಕು. ಯಾವಾಗಲೋ ಯಾರೋ ಹೇಳಿ ಹೋದ ಹಾಗೆ ಕಂಡರೆ ಯಾರು ನಿಲ್ಲುತ್ತಾರೆ?

ಮಾತಾಡಲು ಕರೆದಿರಿ, ಮೈಕನ್ನು ಕಿತ್ತುಕೊಳ್ಳದೆ ಕೊನೆಯವರೆಗೂ ಬಿಟ್ಟಿರಿ. ಅದಕ್ಕೆ ಮೂವರಿಗೂ ನನ್ನ ವಂದನೆ. ಇಷ್ಟು ಹೊತ್ತು ಊಟದ ಕಡೆ ನೋಡದೆ ನನ್ನ ಕಡೆ ನೋಡಿದ ಎಲ್ಲರಿಗೂ ವಂದನೆ. ನಮಸ್ಕಾರ.

ಇನ್ನೊಂದು ವಿನಂತಿ ಇದೆ. ಸಮಿತಿಯ ಉತ್ತರ ಕೇಳಲು ನಾನು ಆ ಕೋಣೆಗೆ ಹೋಗುವುದಿಲ್ಲ. ನಾನು ಹೋದರೆ ಅಳುತ್ತೇನೆ, ಅತ್ತರೆ ಅವರು ಕನಿಕರಕ್ಕೆ ಏನಾದರೂ ಕೊಡುತ್ತಾರೆ. ನನಗೆ ಕನಿಕರ ಬೇಡ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಆಮೆಯಣ್ಣಾ, ಕಂಬದ ಹಿಂದೆ ಕೂತರೂ ನೀವು ಕಾಣುತ್ತೀರಿ. ಅಣ್ಣಾ ಎಂದು ಇಷ್ಟು ವರ್ಷ ಕರೆದಿದ್ದೇನೆ, ಆ ಸಲುಗೆಯಿಂದ ಕೇಳುತ್ತೇನೆ. ಆ ಕೋಣೆಗೆ ನೀವು ಹೋಗಿ. ಎಷ್ಟು ನಿಧಾನವಾದರೂ ಪರವಾಗಿಲ್ಲ. ಒಳಗೆ ಅವರು ನಿಮ್ಮನ್ನು ಏನಾದರೂ ಕೇಳಿದರೆ, ಆ ದಿನ ಡ್ರಮ್ಮಿನ ಮೇಲೆ ನೀವು ಕಂಡದ್ದನ್ನು ಹೇಳಿ. ಹೇಳಿಯಾದ ಮೇಲೆ, ಅವರ ಉತ್ತರವನ್ನು ನನಗೆ ತಂದುಕೊಡಿ.